ಪಲುಪಿಯ ಹಲಗೆ ಕೆಂಪಾದದ್ದು

ಜಾವಾ ದ್ವೀಪದ ಜೆಪಾರ ಊರಿನ ಮರಗೆಲಸದವರ ಬಾಯಿಂದ ‘ಆಗಿಲ್ಲ’ ಎನ್ನಿಸುವುದಕ್ಕಿಂತ ತೇಗದ ಕೊರಡಿನಿಂದ ಎಣ್ಣೆ ಹಿಂಡುವುದು ಸುಲಭ. ಪಲುಪಿ ಅದೇ ಊರಲ್ಲಿ ಹುಟ್ಟಿದವಳು, ಅವಳಿಗೆ ಇದು ಗೊತ್ತಿರಬೇಕಿತ್ತು. ಯಜಮಾನತಿ ಬು ಕುಂತಾರಿಯವರ, ಅಂದರೆ ಕುಂತಾರಿ ಅಮ್ಮನವರ, ಫರ್ನಿಚರ್ ಕಾರ್ಖಾನೆಯಲ್ಲಿ ಬಡಗಿಗಳು ಎಲ್ಲಿಗೆ ಬಂದರು ಎಂದು ಕೆತ್ತುವವರಿಗೆ, ಕೆತ್ತುವವರು ಎಲ್ಲಿಗೆ ಬಂದರು ಎಂದು ಪಾಲಿಶ್‌ನವರಿಗೆ ತಿಳಿಸುತ್ತ ಶೆಡ್ಡಿಂದ ಶೆಡ್ಡಿಗೆ ಓಡಾಡುವುದೇ ಅವಳ ಉದ್ಯೋಗ. ಹೋದಲ್ಲೆಲ್ಲ ಒಂದು ಹರಟೆ, ಒಂದು ತುಂಡು ಕರಿದ ಸೋಯಾ ಟೆಂಪೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಬಾಲಿಯ ದೊಡ್ಡ ಹೋಟೆಲ್ಲೊಂದು ಎಲ್ಲ ಕೋಣೆಗಳಿಗೂ ಕೆತ್ತನೆಯ ಮಂಚ ಕೇಳಿದಾಗ, ಇದು ಓಡಾಡಿ ಮುಗಿಯುವ ಕೆಲಸವಲ್ಲ ಎಂದು ಹೇಳಿದವಳೂ ಅವಳೇ. ಎಲ್ಲರೂ ತಂತಮ್ಮ ಫೋನಿನಲ್ಲೇ ಕೆಲಸದ ಪಟ್ಟಿಯ ಒಂದೇ ಹಲಗೆ ನೋಡುವಂಥ ಸಾಫ್ಟ್‌ವೇರುಗಳಿವೆ. ಕೆಲಸ ಸರಿಯಾಗಿ ಸಾಗಿದರೆ ಹಸಿರು ಒತ್ತಬೇಕು, ತಡವಾದರೆ ಕೆಂಪು. ಮೂರನ್ನು ಬಳಸಿ ನೋಡಿ ಒಳ್ಳೆಯದೊಂದನ್ನು ಆರಿಸುತ್ತೇನೆ ಎಂದು ಮಾತು ಕೊಟ್ಟಳು.

ಮೊದಲನೆಯದರಲ್ಲಿ ಹರಟೆಗೆ ಜಾಗವಿತ್ತು. ಊರಿಗೆಲ್ಲ ಪಕ್ದೆ, ಅಂದರೆ ದೊಡ್ಡಪ್ಪ, ಆಗಿದ್ದ ಹಿರಿಯ ಕೆತ್ತನೆಗಾರ ವಾಗಿಮನ್ ತಾವು ಸಾಕಿದ ಬೆಳವಕ್ಕಿಯ ಕೂಗನ್ನು ಅದರಲ್ಲಿ ತುಂಬಿದರು. ಮಿಕ್ಕವರು ತಂತಮ್ಮ ಹಕ್ಕಿಗಳೊಂದಿಗೆ ಪೈಪೋಟಿಗೆ ಇಳಿದರು, ಮಂಚದ ಸುದ್ದಿ ಯಾರೂ ಎತ್ತಲಿಲ್ಲ. ಎರಡನೆಯದು ತಗಡಿನ ಶೆಡ್ಡಿನೊಳಗೆ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಮೂರನೆಯದು ಮಾತ್ರ ಕಣ್ಣಿಗೆ ಹಬ್ಬ. ಸಾಲಿಗೆ ಸಾಲೇ ಹಸಿರು! ಪಲುಪಿ ಹಿಗ್ಗಿ ಹೀರೇಕಾಯಿಯಾದಳು. ಲಾರಿ ಬಂದ ದಿನ ನೋಡಿದರೆ ಅರ್ಧಕ್ಕರ್ಧ ಮಂಚಗಳಿಗೆ ತಲೆಕಡೆಯ ಕೆತ್ತನೆಯೇ ಇಲ್ಲ. ಲಾರಿ ಅರ್ಧ ಖಾಲಿಯೇ ಹೊರಟಿತು.

“ಪಕ್ದೆ, ನೀವೇ ಅಲ್ವಾ ಹಸಿರು ಒತ್ತಿದ್ದು?”

“ಒತ್ತಿದೆ ಮಗಳೇ. ಮತ್ತೇನ್ ಮಾಡ್ಲಿ? ಮರ ಕಳ್ಸೋದು ತಡ ಮಾಡಿದ್ದು ನನ್ನ ಭಾವಮೈದ. ಅವನ ಮಾನ ಊರಿಗೆಲ್ಲ ಕಾಣೋ ಹಂಗೆ ಕೆಂಪಲ್ಲಿ ಹರಾಜು ಹಾಕ್ಲಾ? ಶುಕ್ರವಾರ ಅವನ ಮನೇಲಿ ಊಟಕ್ಕೆ ಕೂರ್ಬೇಕು ನಾನು.”

ಪಾಲಿಶ್ ಮಾಡುವ ತೆಗುಹ್ ತಲೆ ಕೆರೆದುಕೊಂಡ. “ನಾನು ಕೆಂಪು ಒತ್ತಿದ್ರೆ ಪಕ್ದೆ ತಡ ಮಾಡಿದ್ರು ಅಂತ ಆಗುತ್ತೆ ಅಕ್ಕಾ. ಹಿರಿಯರ ಮೇಲೆ ದೂರು ಹೇಳ್ಲಾ?”

ಪಲುಪಿ ನಾಲ್ಕನೆಯ ಸಾಫ್ಟ್‌ವೇರ್ ಹುಡುಕುತ್ತೇನೆ ಎಂದಳು. ಬು ಕುಂತಾರಿ ನಕ್ಕರು. “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಬೇಡಮ್ಮ, ಇರೋದ್ರಲ್ಲೇ ನೋಡು.” ಆಮೇಲೆ ಮೆಲ್ಲಗೆ, ಕಿಟಕಿಯ ಕಡೆ ತಿರುಗಿ, “ಸೆಮಾರಾಂಗ್‌ನಿಂದ ಒಬ್ಬರು ಬರ್ತಾರೆ. ಈ ಥರ ಕೆಲ್ಸ ನಡೆಸಿಕೊಡೋ ಕಂಪನಿಯವರು. ತುಂಬ ಒಳ್ಳೆ ಜನ,” ಎಂದರು. ಜಾವಾದಲ್ಲಿ ಇದಕ್ಕಿಂತ ಬಿಡಿಸಿ ಯಾರೂ ಹೇಳುವುದಿಲ್ಲ. ಮುಂದಿನ ಲಾರಿಯೂ ತುಂಬದಿದ್ದರೆ ಆ ಒಳ್ಳೆಯ ಜನ ತನ್ನ ಕುರ್ಚಿಯಲ್ಲಿ ಕೂರುತ್ತಾರೆ ಎಂದು ಪಲುಪಿಗೆ ತಿಳಿಯಿತು.

ಆ ಭಾನುವಾರ ಪಕ್ಕದ ಮನೆಯಲ್ಲಿ ಮದುವೆ. ಎಲ್ಲ ಹೆಂಗಸರಂತೆ ಅವಳೂ ರೆವಾಂಗ್‌ಗೆ ಹೋದಳು. ಮದುವೆಮನೆಯ ಅಡುಗೆಗೆ ಓಣಿಯೇ ಬಂದು ಕೈ ಹಚ್ಚುವುದು ಎಂದರೆ ರೆವಾಂಗ್. ಮದುಮಗಳ ತಾಯಿಯೋ, ಸತ್ತರೂ ಸೋಲು ಒಪ್ಪದ ಹೆಂಗಸು. ಆಕೆಯೇ ಬಾಗಿಲಲ್ಲಿ ನಿಂತು, “ರೆವಾಂಗ್ ಬನ್ರೇ! ಕಾಯಿ ತುರಿಯೋಕೆ ಕೈ ಸಾಲ್ತಿಲ್ಲ!” ಎಂದು ಓಣಿ ಹಾರಿಹೋಗುವಂತೆ ಕೂಗಿದಳು. ನಾಚಿಕೆ ಇಲ್ಲ, ಸಂಕೋಚ ಇಲ್ಲ. ಕರೆಯದೇ ಇದ್ದಿದ್ದರೆ ಓಣಿಗೇ ಬೇಸರವಾಗುತ್ತಿತ್ತು. ಈರುಳ್ಳಿ ಹೆಚ್ಚುತ್ತಿದ್ದ ಪಲುಪಿ ಅಲ್ಲೇ ನಕ್ಕುಬಿಟ್ಟಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಇವಳಿಗೇನೋ ಆಗಿದೆ ಎಂದು ಪಕ್ಕದವಳು ಚಾಕು ಕಸಿದುಕೊಂಡಳು.

ಮರುದಿನ ಅವಳು ಮೂರನೆಯ ಸಾಫ್ಟ್‌ವೇರಿನಲ್ಲಿ ಒಂದೇ ಒಂದು ಪದ ತಿದ್ದಿದಳು. ಕೆಂಪು ಗುಂಡಿಯ ಮೇಲೆ ‘ತಡವಾಗಿದೆ’ ಎಂದಿದ್ದದ್ದನ್ನು ಅಳಿಸಿ ‘ರೆವಾಂಗ್ ಬನ್ನಿ’ ಎಂದು ಬರೆದಳು.

ಮಧ್ಯಾಹ್ನದವರೆಗೆ ಹಲಗೆ ಹಸಿರಾಗಿಯೇ ಇತ್ತು. ಪಕ್ದೆ ವಾಗಿಮನ್ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಹೆಬ್ಬೆರಳಿಂದ ಒತ್ತಿದರು. ತಲೆಕಡೆಯ ಕೆತ್ತನೆ, ರೆವಾಂಗ್ ಬನ್ನಿ! ಊಟ ಮುಗಿಸಿದ ಪ್ಯಾಕಿಂಗ್ ಹೆಂಗಸರು ಮರ ಉಜ್ಜುವ ಉಪ್ಪುಕಾಗದ ಹಿಡಿದು ಬಂದರು. ಹಿಂದೆಯೇ ತೆಗುಹ್ ಒತ್ತಿದ, ಬಡಗಿಗಳು ಒತ್ತಿದರು. ಸಂಜೆಗೆ ಹಲಗೆ ಮೆಣಸಿನಕಾಯಿ ಒಣಗಿಸಿದ ಅಂಗಳದಂತೆ ಕೆಂಪಾಗಿತ್ತು, ಶೆಡ್ಡುಗಳ ತುಂಬ ಜನ, ಹಾಡು, ಧೂಳು. ಯಾರಿಂದಲೋ ಸುದ್ದಿ ಕೇಳಿದ ಪಕ್ದೆಯ ಭಾವಮೈದ ತಾನೇ ಗಾಡಿಯಲ್ಲಿ ಮರ ಹೇರಿಕೊಂಡು ಬಂದು ಜಗಳ ತೆಗೆದ.

“ಊರಿಗೆಲ್ಲ ರೆವಾಂಗ್ ಹೇಳಿ ನನ್ನ ಮರೆತ್ಯಾ ಭಾವ? ನಾನೇನು ಸತ್ತಿದ್ನಾ?”

“ಸತ್ತಿದ್ರೆ ಮರ ಬೇಗ ಬರ್ತಿತ್ತು. ಇಳಿಸು, ಇಳಿಸು,” ಎಂದರು ಪಕ್ದೆ.

ಮುಂದಿನ ಲಾರಿ ಎಷ್ಟು ತುಂಬಿತೆಂದರೆ ಬಾಗಿಲು ಹಾಕಲು ತೆಗುಹ್ ಬೆನ್ನು ಕೊಟ್ಟು ನೂಕಬೇಕಾಯಿತು. ಲಾರಿ ತಿರುವು ದಾಟುತ್ತಲೇ ಬು ಕುಂತಾರಿ ಒಳಗೆ ಹೋಗಿ ಕಚೇರಿಯ ಬಾಗಿಲು ಮುಚ್ಚಿಕೊಂಡರು. ಅಷ್ಟರಲ್ಲಿ ಪಲುಪಿಯ ಫೋನು ಸದ್ದು ಮಾಡಿತು. ಯಜಮಾನತಿಯ ಹೆಸರಿನ ಮುಂದೆ ಮೊದಲ ಸಲ ಕೆಂಪು ಬಿದ್ದಿತ್ತು: ‘ಸೆಮಾರಾಂಗ್‌ನವರಿಗೆ ಬೇಡ ಅಂತ ಹೇಳಬೇಕು. ನನ್ನಿಂದ ಆಗ್ತಿಲ್ಲ. ರೆವಾಂಗ್ ಬನ್ನಿ.’

ಎಲ್ಲರೂ ಕಚೇರಿಗೆ ನುಗ್ಗಿದರು. ಬು ಕುಂತಾರಿ ನಂಬರು ಒತ್ತಿ ಫೋನನ್ನು ಪಕ್ದೆಯ ಕೈಗೆ ತುರುಕಿದರು.

“ನಾನಾ? ಅವರು ಚೆನ್ನಾಗಿದ್ದೀರಾ ಅಂದ್ರೆ ಊಟಕ್ಕೆ ಬನ್ನಿ ಅಂತೀನಿ ನಾನು!” ಪಕ್ದೆ ಅದನ್ನು ತೆಗುಹ್‌ಗೆ ದಾಟಿಸಿದರು. ಅವನು ಬಿಸಿ ಕೆಂಡ ಮುಟ್ಟಿದವನಂತೆ ಪಲುಪಿಗೆ ಕೊಟ್ಟ. ಅತ್ತ ಕಡೆ ಹಲೋ, ಹಲೋ ಎನ್ನುತ್ತಿದ್ದರು.

“ಕ್ಷಮಿಸಿ ಸಾರ್,” ಎಂದಳು ಪಲುಪಿ. “ತಾವು ಬರೋದು ಬೇಡ. ಆ ಕೆಲ್ಸಕ್ಕೆ ನಮ್ಮಲ್ಲಿ ಜನ ಇದ್ದಾರೆ.”

“ಹೌದಾ? ಯಾರಮ್ಮ?”

ಪಲುಪಿ ಬು ಕುಂತಾರಿಯವರ ಮುಖ ನೋಡಿದಳು. ಅವರು ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ.

“ನಾನೇ ಸಾರ್,” ಎಂದಳು.