ಸೂಳೆಕೆರೆ ದಂಡೆಯ ‘ವೀರಯೋಧ’

ಇದನ್ನು ಹೇಳಿದಾಗಲೆಲ್ಲ ಹೊನ್ನಾಳಿಯ ನನ್ನ ಗೆಳೆಯರು, “ಲೇ, ಆ ದನಿ ನೀನೇ ತೆಗ್ದಿರ್ತೀಯ ಬಿಡೋ” ಅನ್ನುತ್ತಾರೆ. ತಪ್ಪು ಅವರದಲ್ಲ. ಬಸ್ ಕಂಡಕ್ಟರ್‌ನಿಂದ ಹಿಡಿದು ನನ್ನ ಸ್ವಂತ ಅತ್ತೆಯವರೆಗೆ ನಾನು ಅಣಕಿಸದ ಗಂಟಲಿಲ್ಲ. ಆದರೆ ಆ ರಾತ್ರಿ ನನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಇದು ನಡೆದದ್ದು. ನೆನೆದರೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ನಾನು ಓದಿದ್ದು ಪುರಾತತ್ವ. ಮೂಳೆ ನೋಡಿ ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂದು ಹೇಳುವುದು ನನ್ನ ಕಸುಬು. ಹೆಣ್ಣು ಕೊಡುವವರ ಮುಂದೆ ಇದಕ್ಕೆಷ್ಟು ಮರ್ಯಾದೆ ಎಂದು ನೀವೇ ಊಹಿಸಿ! ಕಳೆದ ಬೇಸಿಗೆಯಲ್ಲಿ ಸೂಳೆಕೆರೆ ಬಳಿಯ ಒಂದು ಉತ್ಖನನದಲ್ಲಿದ್ದೆ. ಕಲ್ಲುಚಪ್ಪಡಿಯ ಹಳೆಯ ಗೋರಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣ.

ನಮ್ಮ ನಿರ್ದೇಶಕರು, ‘ಸರ್’ ಎಂದಷ್ಟೇ ಇರಲಿ, ಮಣ್ಣು ಪೂರ್ತಿ ಬಿಡಿಸುವ ಮೊದಲೇ ಪತ್ರಿಕೆಯವರಿಗೆ ಫೋನ್ ಮಾಡಿದರು: “ವೀರಯೋಧ! ಪಕ್ಕದಲ್ಲೇ ಕತ್ತಿ!” ಆ ಕತ್ತಿಯಿಂದ ಸೊಪ್ಪು ಕೊಯ್ಯಬಹುದಿತ್ತು, ಅಷ್ಟೆ. ಅದು ಕುಡುಗೋಲು. ನಾನೂ ಸುಮ್ಮನಿರದೆ ತಲೆಬುರುಡೆಯ ಹಿಂದೆ ಕೂತು, “ಯಾರಲ್ಲಿ!” ಎಂದು ಗಡಸು ದನಿ ತೆಗೆದೆ. ಎಲ್ಲರೂ ನಕ್ಕರು.

ಸೊಂಟದ ಮೂಳೆ ಬಿಡಿಸಿದಾಗ ನನ್ನ ನಗು ನಿಂತಿತು. ಅಗಲವಾದ ಬಟ್ಟಲಿನಂಥ ಸೊಂಟ. ಹೆಂಗಸು. ಆ ಬಟ್ಟಲೊಳಗೆ... ಕಿರುಬೆರಳಷ್ಟುದ್ದದ ತೊಡೆಮೂಳೆ, ಮೊಟ್ಟೆಯ ಸಿಪ್ಪೆಯಂಥ ತಲೆಯ ಚೂರುಗಳು. ದಿನ ತುಂಬಿದ ಕೂಸು.

“ಸರ್, ಇವಳು ಬಸುರಿ.”

“ಕೋಳಿ ಮೂಳೆ ಅದು. ತೆಗೆದು ಪ್ರಾಣಿಮೂಳೆ ಜೊತೆ ಹಾಕು.”

“ಕೋಳಿ ಸೊಂಟದೊಳಗೆ ಹೆಂಗೆ ಬಂತು ಸರ್?”

“ಪೇಪರ್‌ನಲ್ಲಿ ಬಂದಾಗಿದೆ. ನೀನು ಮಿಮಿಕ್ರಿ ಮಾಡು, ಸಾಕು.”

ಹಲ್ಲು ಕಚ್ಚಿಕೊಂಡು ಒಂದೊಂದನ್ನೇ ಬಿದಿರುಕಡ್ಡಿಯಿಂದ ಬಿಡಿಸಿ, ಹತ್ತಿ ಹಾಸಿದ ಡಬ್ಬಿಗಿಟ್ಟೆ. ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದವರು ಕಾವಲುಗಾರ ರಹಮತ್ ಚಾಚಾ. ಖಾಲಿಯಾದ ಸೊಂಟ ಮುರಿಯದಿರಲೆಂದು ಒಳಗೆ ಕಾಗದ ತುರುಕಿ, ಸುತ್ತ ಪ್ಲಾಸ್ಟರ್ ಮೆತ್ತಿದೆವು. ಹಸಿ ಪ್ಲಾಸ್ಟರಿನ ಮೇಲೆ ಸರ್ ಬೆರಳಿನಿಂದ ಸಹಿ ಗೀಚಿದರು, ತಾವೇ ಹೆತ್ತವರ ಹಾಗೆ. ಎಲ್ಲವನ್ನೂ ಹಳೆಯ ಶಾಲೆಯ ಕೋಣೆಯಲ್ಲಿಟ್ಟೆವು. ಕೂಸು ಈ ಮೂಲೆ, ಅವಳು ಆ ಮೂಲೆ.

ರಾತ್ರಿ ಬೀಗದ ಬಾಗಿಲಿನ ಹೊರಗೆ ಚಾಚಾ ಮತ್ತು ನಾನು. ಕೆರೆಯ ಕಡೆಯಿಂದ ಮೀನುಬಲೆಯ ಹಸಿ ವಾಸನೆ, ಜೀರುಂಡೆಗಳ ಸದ್ದು... ಒಮ್ಮೆಲೇ ಜೀರುಂಡೆಗಳು ನಿಂತವು.

ಬಜೆ ತೇಯ್ದ ವಾಸನೆ. ಎಳೆಗೂಸಿನ ನಾಲಿಗೆಗೆ ತೇಯ್ದು ನೆಕ್ಕಿಸುತ್ತಾರಲ್ಲ, ಅದೇ ಬಜೆ. ಆಮೇಲೆ ಒಳಗಿನಿಂದ ಒಂದು ದನಿ. ಅಳುವಲ್ಲ, ಹಾಡಲ್ಲ. ನಿದ್ದೆಗಣ್ಣಲ್ಲಿ ಪಕ್ಕದ ಹಾಸಿಗೆ ತಡಕುವವರು ಬಾಯಿ ಮುಚ್ಚಿಕೊಂಡೇ ತೆಗೆಯುವ “ಊಂ...? ಊಂ...?” ಜೊತೆಗೆ ಅಂಗೈಯಿಂದ ನೆಲ ಸವರುವ ಸದ್ದು...

“ಬೇಟಾ, ತಮಾಷಿ ಮಾಡಬ್ಯಾಡ,” ಚಾಚಾ ಪಿಸುಗುಟ್ಟಿದರು.

“ನನ್ ಬಾಯಿ ಮುಟ್ಟಿ ನೋಡ್ರಿ ಚಾಚಾ...”

ಅವರು ನಿಜಕ್ಕೂ ಮುಟ್ಟಿದರು. ಅವರ ಬೆರಳು ನನ್ನ ತುಟಿಯ ಮೇಲಿರುವಾಗಲೇ ಮತ್ತೆ... “ಊಂ...?”

“ಹುಡುಕಾಕೆ ಹತ್ತೈತೆ,” ಎಂದರು ಚಾಚಾ. “ಕೂಸನ್ನ ಅವ್ರಮ್ಮನ ಹತ್ರ ಇಡೋ, ಮಾರಾಯ!”

ಬೀಗ ತೆಗೆದೆವು. ಒಳಗೆ ಯಾರೂ ಇಲ್ಲ. ಡಬ್ಬಿಯನ್ನು ತಂದು ಪ್ಲಾಸ್ಟರಿಗೆ ಒರಗಿಸಿಟ್ಟೆ. ದನಿ ನಿಂತಿತು. ಹೊರಗೆ ಜೀರುಂಡೆಗಳು ಮತ್ತೆ ಶುರುವಾದವು.

ಬೆಳಿಗ್ಗೆ ಸರ್ ಅದನ್ನು ಕಂಡು ಕೆಂಡವಾದರು. ಡಬ್ಬಿಗೆ ತಾವೇ ಟೇಪ್ ಸುತ್ತಿ, ತಮ್ಮ ಕಾರಿನಲ್ಲಿ ಒಯ್ದರು.

ಕೆಲವು ದಿನಗಳ ನಂತರ ಪ್ರಯೋಗಾಲಯದಲ್ಲಿ ಎಲ್ಲರೆದುರು ಪ್ಲಾಸ್ಟರ್ ಕೊಯ್ದೆವು. ಸಹಿಯ ಮೇಲೆ ಒಂದು ಬಿರುಕೂ ಇರಲಿಲ್ಲ. ಒಳಗೆ ನಾನು ತುರುಕಿದ ಕಾಗದವೂ ಇರಲಿಲ್ಲ. ಕಲ್ಲಿನಂತೆ ಗಟ್ಟಿಯಾದ ಮಣ್ಣು. ಅದರಲ್ಲಿ ಮುದುಡಿ ಮಲಗಿದ ಕೂಸು... ಪಕ್ಕೆಲುಬುಗಳ ನಡುವೆ ಹಾದುಹೋಗಿದ್ದ ಹುಲ್ಲಿನ ಬೇರು. ಸರ್ ತಾವೇ ಸುತ್ತಿದ್ದ ಡಬ್ಬಿಯ ಟೇಪ್ ಹರಿದರು. ಬರೀ ಹತ್ತಿ. ಹತ್ತಿಯಲ್ಲಿ ಸಣ್ಣ ಸಣ್ಣ ಗುಳಿಗಳು.

“ಇದೆಲ್ಲ ನಿನ್ನದೇ ಆಟ!” ಎಂದು ಅರಚಿದರು.

“ಬೇರು ಬೆಳೆಸೋ ಮಿಮಿಕ್ರಿ ನಂಗೆ ಬರಲ್ಲ ಸರ್.”

ಅವತ್ತೇ ನನ್ನನ್ನು ಮನೆಗೆ ಕಳಿಸಿದರು. ಕೂಸನ್ನು ಮತ್ತೆ ಬಿಡಿಸಿ ಬೇರೆ ಊರಿನ ಉಗ್ರಾಣಕ್ಕೆ ಸಾಗಿಸಿದರಂತೆ. ಅವಳು ಮ್ಯೂಸಿಯಂನ ಗಾಜಿನ ಹಿಂದೆ ಮಲಗಿದ್ದಾಳೆ. ಫಲಕದಲ್ಲಿ ಇವತ್ತಿಗೂ ‘ವೀರಯೋಧ’. ಸೊಂಟ ಕಾಣದಂತೆ ಮೇಲೊಂದು ಬಟ್ಟೆ ಹೊದಿಸಿದ್ದಾರೆ, ನಾಚಿಕೆಗೆಟ್ಟವರು!

ಮದುವೆ ಮನೆಗಳಲ್ಲಿ ಗೆಳೆಯರು ಬಿಡುವುದಿಲ್ಲ: “ಆ ದನಿ ಒಂದ್ಸಲ ಮಾಡೋ.” ಸರ್ ದನಿ ಮಾಡುತ್ತೇನೆ, ಚಾಚಾ ದನಿ ಮಾಡುತ್ತೇನೆ. ಅದನ್ನು ತೆಗೆಯಲು ಬಾಯಿ ಮುಚ್ಚಿದರೆ ಗಂಟಲಲ್ಲಿ ಏನೂ ಹುಟ್ಟುವುದಿಲ್ಲ. ಆದರೆ ಎಲ್ಲಿಂದಲೋ ಬಜೆ ತೇಯ್ದ ವಾಸನೆ ಬರುತ್ತದೆ...

ಮೊನ್ನೆ ನ್ಯಾಮತಿಯ ಮದುವೆಯೊಂದರಲ್ಲಿ, ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ಮೂಗರಳಿಸಿ, ಸುತ್ತ ನೋಡಿ, ನನ್ನನ್ನೇ ಕೇಳಿದರು:

“ತಮ್ಮಾ, ಇಲ್ಲಿ ಕೂಸು ಎಲ್ಲೈತೆ?”