ಬೊಂಬಾಯಿಯಿಂದ ಬಂದ ಜ್ವರವಲ್ಲ ಇದು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ತಮ್ಮ ಸುಧೀರನಿಗೆ ಜ್ವರ ಶುರುವಾದದ್ದು ಮೊಜಾಂಬಿಕ್‌ನಿಂದ ಬಂದ ಮರುದಿನ ಎಂದು ನನ್ನ ನೆನಪು. ವಾರ ಕಳೆದಿತ್ತು ಎನ್ನುತ್ತಾಳೆ ಅಮ್ಮ. ಚಳಿ ಹತ್ತಿ ಅವನು ಗಂಜಿ ಚೆಲ್ಲಿದ್ದರಲ್ಲಿ ನಮ್ಮಿಬ್ಬರಿಗೂ ಅನುಮಾನವಿಲ್ಲ.

ಬಿಜೂರಿನಲ್ಲಿ ಸೋದರಮಾವನ ಗೇರುಬೀಜದ ಕಾರ್ಖಾನೆಯಿದೆ. ಒಡೆಯುವ ಬೀಜ ಹೆಚ್ಚಿನದೂ ಆಫ್ರಿಕಾದ್ದು. ಅದನ್ನು ಕೊಳ್ಳಲು ಮಾವ ಇವನನ್ನು ಕಳಿಸಿದ್ದರು. ರಾಶಿಯಿಂದ ಒಂದಿಷ್ಟು ಬೀಜ ತೆಗೆದು, ಸೀಳಿ, ಒಳಗಿನ ಕಲೆ ತೋರಿಸಿ ದರ ಇಳಿಸುವುದು ಅವನ ಕೆಲಸ. ಹಡಗು ಹತ್ತುವ ಮೊದಲು ಪ್ರತಿ ಲೋಡಿಗೂ ಈ ಪರೀಕ್ಷೆ ಇದೆ. ಪರೀಕ್ಷೆ ಮಾಡುವವನ ರಕ್ತವನ್ನು ಯಾರೂ ನೋಡಲಿಲ್ಲ.

ಕುಂದಾಪುರದ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಮಾವ ಹೇಳಿದ್ದನ್ನು ಅಮ್ಮ ನನಗೆ ಆಮೇಲೆ ತಿಳಿಸಿದಳು.

"ಆಫ್ರಿಕಾ ಅಂದೇಳಿ ಬಾಯಿ ಬಿಡ್ಬೇಡಿ. ಬೀಜದೊಟ್ಟಿಗೆ ಜ್ವರ ಬಂತ್ ಅಂತ ಸುದ್ದಿ ಆರೆ ನಾಳೆ ಬೀಜ ಒಡುಕೆ ಒಬ್ಳ್ ಹೆಂಗ್ಸೂ ಬತ್ತಿಲ್ಲೆ."

ಎಲ್ಲಿಗಾದರೂ ಹೋಗಿದ್ದನೇ ಎಂದು ಡಾಕ್ಟರು ಕೇಳಿದಾಗ, ಬೊಂಬಾಯಿಗೆ ಹೋಗಿದ್ದ ಎಂದರಂತೆ ಮಾವ. ಮನೆಗೊಬ್ಬರು ಬೊಂಬಾಯಿಯಲ್ಲಿರುವ ನಮ್ಮ ಕಡೆ ಅದನ್ನು ಯಾರು ಅನುಮಾನಿಸುತ್ತಾರೆ? ಮಳೆಗಾಲ. ಇಲಿಜ್ವರ ಇರಬಹುದು ಎಂದು ಡ್ರಿಪ್ ಹಾಕಿದರು.

ಸಂಜೆ ನಾನು ಪಾಠ ಮಾಡುವ ಬ್ರಹ್ಮಾವರದ ಕಾಲೇಜಿನಿಂದ ನೇರ ವಾರ್ಡಿಗೆ ಹೋದೆ. ಅವನ ಕಣ್ಣು ಹಳದಿಯಾಗಿತ್ತು.

ನನ್ನನ್ನು ಯಾರು ಎಂದು ಕೇಳಿದ.

ಡಾಕ್ಟರು ರೌಂಡ್ಸಿಗೆ ಬಂದಾಗ ನರ್ಸ್, "ಬಾಂಬೆ ಪೇಷಂಟ್" ಎಂದರು. "ಬೊಂಬಾಯಿ ಅಲ್ಲ, ಮೊಜಾಂಬಿಕ್," ಎಂದೆ. ಡಾಕ್ಟರು ಪೆನ್ನು ಮುಚ್ಚಿ ಅಮ್ಮನನ್ನು ನೋಡಿದರು. "ಇದನ್ನು ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಅಣ್ಣ ಹೇಳ್ಬೇಡಿ ಅಂದ. ನಾ ಎಂತ ಮಾಡುದ್?" ಎಂದಳು ಅಮ್ಮ.

ರಕ್ತದಲ್ಲಿ ಸಿಕ್ಕಿದ್ದು ಫಾಲ್ಸಿಪಾರಂ, ಮಲೇರಿಯಾಗಳಲ್ಲೇ ಮಾರಕವಾದದ್ದು. ಮಿದುಳಿಗೆ ಏರಿತ್ತು. ಐಸಿಯುವಿನಲ್ಲಿ ಇಂಜೆಕ್ಷನ್, ಎರಡು ಸಲ ಡಯಾಲಿಸಿಸ್. ಬದುಕಿದ.

ಮಾತು ಮರಳಿದ ಮೇಲೆ ಅವನು ಮೊದಲು ಹೇಳಿದ್ದು ಅಮೀನಾಳ ವಿಷಯ. ಮೊಜಾಂಬಿಕ್‌ನ ಹಳ್ಳಿಯೊಂದರಲ್ಲಿ ಅವಳ ಮನೆಯಲ್ಲೇ ಅವನಿಗೆ ಬಾಡಿಗೆ ಕೋಣೆ. ಅವಳೂ ಬೀಜ ಹೆಕ್ಕಿ ಇವನಿಗೇ ಮಾರುವವಳು. ಅಲ್ಲಿ ಒಂದು ಕಾಲಕ್ಕೆ ಬೀಜ ಒಡೆಯುವ ಕಾರ್ಖಾನೆ ಇತ್ತಂತೆ, ಈಗ ತಗಡು ಮಾತ್ರ ಉಳಿದಿದೆ. ಅವಳ ಪುಟ್ಟ ಮಗಳಿಗೆ ಇದೇ ಜ್ವರ ಬಂತು. ಹತ್ತಿರದ ಕ್ಲಿನಿಕ್ಕಿನಲ್ಲಿ ಒಬ್ಬಳು ನರ್ಸ್, ಖಾಲಿ ಕಪಾಟು. ಪೇಟೆಯ ಆಸ್ಪತ್ರೆ ದೂರ. ಬೀಜ ತುಂಬಿದ ನಮ್ಮ ಲಾರಿ ಅಂಗಳದಲ್ಲೇ ನಿಂತಿತ್ತು. ಅದರಲ್ಲಿ ಕರೆದುಕೊಂಡು ಹೋಗಲೇ ಎಂದು ಸುಧೀರ ಮಾವನಿಗೆ ಫೋನ್ ಮಾಡಿದ.

ಲಾರಿ ನೇರ ಬಂದರಿಗೆ ಹೋಯಿತು. ಮಗು ಉಳಿಯಲಿಲ್ಲ.

ಮಾವ ಏನೆಂದರು ಎಂದು ಕೇಳಿದೆ. ಅವನು ಗೋಡೆಯತ್ತ ಹೊರಳಿದ. ಆ ಊರ ಬೀಜಕ್ಕೆ ಸಮುದ್ರ ದಾಟಿ ಬಿಜೂರಿಗೆ ಬರಲು ದಾರಿಯಿದೆ. ಆ ಊರ ಮಗುವಿಗೆ ಪೇಟೆಯವರೆಗೆ ಇರಲಿಲ್ಲ. ಇಂಥ ಸಾವಿಗೆ ಅಲ್ಲಿಯ ಸರ್ಕಾರ, ಬಡತನ ಕಾರಣ ಎಂದು ಕ್ಲಾಸಿನಲ್ಲಿ ನಾನೇ ಪಾಠ ಮಾಡಿದ್ದೇನೆ. ಪಾಠದಲ್ಲಿ ಆ ಲಾರಿ ಇರಲಿಲ್ಲ.

ಕಿಡ್ನಿ ಸುಧಾರಿಸುತ್ತಿದೆ. ತಮ್ಮ ಈಗ ಅಂಗಳದಲ್ಲಿ ನಡೆಯುತ್ತಾನೆ. ಅವನನ್ನು ಉಳಿಸಿದವರಿಗೆ ನಾನು ಋಣಿ. ಆದರೆ ಸಿಟ್ಟು ಅದರಿಂದ ಕರಗಿಲ್ಲ.

ಭಾನುವಾರ ಮಾವ ಎಳನೀರು ತಂದರು. "ಗಟ್ಟಿ ಆಯ್ದ ಅಲ್ದಾ? ಮುಂದಿನ ಸೀಸನ್ನಿಗೆ ಹೋಪುಕೆ ಅಡ್ಡಿಲ್ಲೆ," ಎಂದು ನಕ್ಕರು. ಸುಧೀರ ಎದ್ದು ಒಳಗೆ ಹೋದ. ಅಮ್ಮ ನನ್ನ ಕೈ ಚಿವುಟಿದಳು. ಆದರೂ ಕೇಳಿದೆ:

"ಮಾವ, ಅವತ್ತ್ ಇವ ಲಾರಿ ಕೇಂಡಾಗ ನೀವ್ ಎಂತ ಹೇಳಿದ್ರಿ?"