ಕುರಿಮನೆಯ ಸಂದು

ನಮ್ಮ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೈತೊಳೆಯುವ ಬೇಸಿನ್ನಿನ ಪಕ್ಕ ಒಂದು ಮೊಳೆ, ಆ ಮೊಳೆಗೊಂದು ಟವೆಲ್ಲು. ಯಾರು ತಂದದ್ದೋ ಯಾರಿಗೂ ತಿಳಿಯದು. ಒರೆಸಿಕೊಳ್ಳುವ ಹಕ್ಕು ಮಾತ್ರ ಸಕಲರಿಗೂ ಸಮಾನ. ಒಬ್ಬರು ಅದಕ್ಕೆ ಗ್ರೀಸು ಬಳಿದು ಹೋಗುತ್ತಾರೆ, ಇನ್ನೊಬ್ಬರು ಮಧ್ಯಾಹ್ನದ ಸಾರಿನ ಅರಿಶಿನ. ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದು ಬಂದ ಮೂರನೆಯವನಿಗೆ ಎರಡರ ಪ್ರಸಾದವೂ ಲಭಿಸುತ್ತದೆ. ಆ ಮೂರನೆಯವನು ಸಾಮಾನ್ಯವಾಗಿ ನಾನೇ ಆಗಿರುತ್ತೇನೆ.

ಹಾರೋಹಳ್ಳಿಯ ಆ ಕಾರ್ಖಾನೆಯಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ಅದೇ ಗೆರೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಎಳೆಯುವ ಬೇಸರಕ್ಕೆ ಮದ್ದೆಂಬಂತೆ ನಮ್ಮ ತಂತ್ರಾಂಶದೊಳಗೆ ಲಿಸ್ಪ್ ಎಂಬ ಭಾಷೆಯೊಂದು ಅಡಗಿ ಕುಳಿತಿದೆ. ಆವರಣ ಚಿಹ್ನೆಗಳಿಲ್ಲದೆ ಅದು ಉಸಿರೂ ಆಡುವುದಿಲ್ಲ. ಅದರಲ್ಲಿ ನಾಲ್ಕು ಸಾಲು ಬರೆದಿಟ್ಟು ಒಂದು ಹೆಸರು ಕೊಟ್ಟರೆ, ಆ ಹೆಸರು ಕೂಗಿದೊಡನೆ ಇಡೀ ಕೆಲಸ ತಾನೇ ನಡೆದುಬಿಡುತ್ತದೆ. ಇದನ್ನು ನಾವು ಮ್ಯಾಕ್ರೋ ಎನ್ನುತ್ತೇವೆ. ನಿಜವಾದ ಮ್ಯಾಕ್ರೋ ಬೇರೆಯೇ ಎಂದು ಪಂಡಿತರು ಹುಬ್ಬು ಗಂಟಿಕ್ಕಬಹುದು. ಹಾರೋಹಳ್ಳಿಯಲ್ಲಿ ಇದೇ ಮ್ಯಾಕ್ರೋ. ಪಕ್ಕದ ಮೇಜಿನ ಕನಕಪುರದ ನಂಜುಂಡನಿಗೂ ಈ ಚಟವಿದೆ. ನೆರೆಹೊರೆಯವರು ಕಾಫಿಪುಡಿ ಸಕ್ಕರೆ ಕೈಬದಲು ಮಾಡುವಂತೆ ನಾವಿಬ್ಬರೂ ಮ್ಯಾಕ್ರೋಗಳನ್ನು ಕೊಟ್ಟು ತೆಗೆದುಕೊಳ್ಳುತ್ತೇವೆ.

ಹೀಗಿರುವಾಗ ಕುದೂರಿನ ಬಳಿ ಕುರಿ ಸಾಕುವ ನನ್ನ ದೊಡ್ಡಪ್ಪನ ಮಗಳು ಗೌರಕ್ಕ, ಕುರಿಗಳಿಗೆಂದು ನೆಲದಿಂದ ಎತ್ತರದ ಹಲಗೆಮನೆ ಕಟ್ಟಿಸಲು ಹೊರಟಳು. ಅಂಥ ಮನೆಯ ಗುಟ್ಟೆಲ್ಲ ಇರುವುದು ಹಲಗೆ ಹಲಗೆಯ ನಡುವಣ ಸಂದಿನಲ್ಲಿ. “ಹಿಕ್ಕೆ ಬೀಳ್ಬೇಕು, ಮರಿ ಕಾಲು ಬೀಳ್ಬಾರ್ದು. ಒಂದು ಬೆರಳು ಸಾಕು ಕಣ್ಲಾ,” ಎಂದು ಅವಳು ಒತ್ತಿ ಹೇಳಿದ್ದಳು. ನಾನು ಬಾಗಿಲಿಗೆ ನಂಜುಂಡನ ಗೇಟಿನ ಮ್ಯಾಕ್ರೋ ಓಡಿಸಿದೆ, ಆಮೇಲೆ ನೆಲಕ್ಕೆ ನನ್ನದೇ ಮ್ಯಾಕ್ರೋ. ನಕ್ಷೆ ಚಿತ್ರಪಟದಂತೆ ಬಂತು. ಅಂದಾಜಿಗಿಂತ ಕಡಿಮೆ ಹಲಗೆ ಸಾಕಾದದ್ದನ್ನು ಕಂಡು, ಇದು ನನ್ನ ಬುದ್ಧಿಯ ಚಮತ್ಕಾರವೆಂದು ಬೀಗಿದ್ದೂ ಉಂಟು. ಗೌರಕ್ಕನಂತೂ ತನ್ನ ತಮ್ಮನೇ ಕಂಪ್ಯೂಟರಿನಲ್ಲಿ ಬರೆದುಕೊಟ್ಟಿದ್ದಾನೆಂದು ಊರಿಗೆಲ್ಲ ಸಾರಿ, ಬಡಗಿ ಅನುಮಾನಪಟ್ಟಾಗ ಅವನ ಬಾಯಿಯನ್ನೂ ಮುಚ್ಚಿಸಿದ್ದಳು.

ಅರ್ಧ ನೆಲ ಮುಗಿದ ದಿನ ಅವಳ ಫೋನು ಬಂತು. “ಲೋ, ಕುರಿಗೆ ಮನೆ ಬರ್ಕೊಟ್ಟಿದ್ದೀಯೋ, ಉರುಳು ಒಡ್ಡಿದ್ದೀಯೋ? ಮರಿ ಕಾಲು ಸಿಕ್ಕಾಕ್ಕಂಡ್ಬುಡ್ತು ಕಣ್ಲಾ! ಕುಂಟ್ತಾ ಐತೆ!” ಸಂದು ಮೂರು ಬೆರಳಿತ್ತು. ನಂಜುಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಎರಡೂ ಮ್ಯಾಕ್ರೋಗಳನ್ನು ತೆರೆದೆ.

“ನಂದ್ರಲ್ಲಿ ತಪ್ಪೈತೆ ಅಂದ್ರೆ ಮೀಸೆ ಬೋಳ್ಸ್ಕೋತೀನಿ,” ಎಂದ ನಂಜುಂಡ. ಅವನದನ್ನು ಒಂಟಿಯಾಗಿ ಓಡಿಸಿದರೆ ಗೇಟು ಸರಿ; ನನ್ನದನ್ನು ಒಂಟಿಯಾಗಿ ಓಡಿಸಿದರೆ ನೆಲವೂ ಸರಿ. ಒಂದರ ಹಿಂದೆ ಒಂದು ಓಡಿದಾಗ ಮಾತ್ರ ಅನಾಹುತ. ನಮ್ಮ ಲಿಸ್ಪಿನಲ್ಲಿ ಅಳತೆಗಳಿಗೂ ಹೆಸರಿಡುತ್ತೇವೆ; ನಮ್ಮಿಬ್ಬರ ಮ್ಯಾಕ್ರೋದಲ್ಲೂ ‘ಸಂದು’ ಎಂಬ ಹೆಸರಿತ್ತು. ಅಂಥ ಹೆಸರು ಆ ಮ್ಯಾಕ್ರೋದ ಮನೆಯೊಳಗಿನದೆಂದು ಸಾರಬೇಕಾದರೆ ಮೊದಲ ಸಾಲಿನಲ್ಲೇ ಒಂದು ಓರೆಗೆರೆ ಎಳೆದು ಅದರ ಮುಂದೆ ಆ ಹೆಸರನ್ನು ಬರೆಯಬೇಕು. ಬರೆದರೆ ಕೆಲಸ ಮುಗಿದೊಡನೆ ಅದರ ಬೆಲೆ ಅಳಿಯುತ್ತದೆ. ಮರೆತರೆ ಅದು ಮೊಳೆಯ ಟವೆಲ್ಲಿನಂತೆ ಸರ್ವರ ಸ್ವತ್ತು. ಗೇಟಿನ ಸರಳುಗಳ ಸಂದನ್ನು ಮೂರು ಬೆರಳೆಂದು ಇಟ್ಟ ನಂಜುಂಡ, ಅದನ್ನು ಹಾಗೆಯೇ ಹೊರಗೆ ಬಿಟ್ಟಿದ್ದ. ಸಂದಿಗೆ ಆಗಲೇ ಬೆಲೆಯಿದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ಒಂದು ಬೆರಳು ಎಂದು ಬರೆದಿದ್ದ ನಾನು ಅದನ್ನು ಎತ್ತಿಕೊಂಡಿದ್ದೆ. ತಪ್ಪಿನಲ್ಲಿ ಅರ್ಧ ನನ್ನದಾದ್ದರಿಂದ ನಂಜುಂಡನ ಮೀಸೆ ಉಳಿಯಿತು.

ಓರೆಗೆರೆ ಮರೆಯುವುದು ನನಗೆ ಹೊಸದೇನಲ್ಲ. ಯಂತ್ರಗಳ ಸದ್ದಿಗೆ ಏರಿಸಿದ ದನಿಯನ್ನು ಬಸ್ಸಿನಲ್ಲಿ ಹೊತ್ತು ಮನೆಗೂ ತರುತ್ತೇನೆ. ಹೆಂಡತಿ ಉಪ್ಪು ಸಾಕೇ ಎಂದು ಕೇಳಿದರೆ ಉತ್ತರ ಕೊಡುವುದು ನಾನಲ್ಲ, ಕಾರ್ಖಾನೆ. ನಿಮ್ಮ ಮನೆಯಲ್ಲಿ ಹೀಗಿಲ್ಲವಾದರೆ ನೀವು ಪುಣ್ಯವಂತರು.

ಭಾನುವಾರ ನಾನೂ ನಂಜುಂಡನೂ ಕುದೂರಿಗೆ ಹೋದೆವು. ಕುರಿಮನೆಯ ಮುಂದೆ ಗೌರಕ್ಕ ನನ್ನ ಓದು, ಉದ್ಯೋಗ, ಕಂಪ್ಯೂಟರು ಒಂದನ್ನೂ ಬಿಡದೆ ಸಹಸ್ರನಾಮ ಮಾಡಿದಳು. ನಾವು ತಲೆ ತಗ್ಗಿಸಿ ಮೊಳೆ ಕಿತ್ತು, ಬಡಗಿಯೊಡನೆ ಇನ್ನಷ್ಟು ಹಲಗೆ ಸೇರಿಸಿ, ಸಂದು ಸಂದಿಗೂ ಬೆರಳಿಟ್ಟು ನೋಡುತ್ತ ಮತ್ತೆ ಬಡಿದೆವು. ಕುಂಟುಮರಿ ಬೇಲಿಯ ಬದಿಯಲ್ಲಿ ನಿಂತು ನೋಡುತ್ತಿತ್ತು. ಅದರ ಕಣ್ಣನ್ನು ಎದುರಿಸುವ ಧೈರ್ಯ ನನಗಿರಲಿಲ್ಲ.

ಊಟಕ್ಕೆ ಕೂತಾಗ ನೋಡುತ್ತೇನೆ, ಹೊಸಿಲು ದಾಟಿದ ಗೌರಕ್ಕ ಬೇರೆಯೇ ಗೌರಕ್ಕ. “ಮುಖ ಇಷ್ಟುದ್ದ ಮಾಡ್ಕಂಡ್ರೆ ಮುದ್ದೆ ಇಳೀತದೇನ್ಲಾ? ಕುರಿಮನೇದು ಕುರಿಮನೇಲೇ ಮುಗೀತು. ಒಸಿ ಸಾರು ಬುಟ್ಕೋ,” ಎಂದಳು. ನಾನು ಇಷ್ಟು ವರ್ಷ ಕೀಲಿಮಣೆಯ ಮುಂದೆ ಕೂತು ಕಲಿಯದ ಓರೆಗೆರೆಯನ್ನು ಅವಳು ಹೊಸಿಲಿನಲ್ಲೇ ಎಳೆದುಬಿಟ್ಟಿದ್ದಳು. ನಾನು ಸಾರು ಬಡಿಸಿಕೊಂಡು ಮುದ್ದೆ ಮುರಿದೆ.

ಊಟವಾದ ಮೇಲೆ ಅವಳು ಆ ಕುಂಟುಮರಿಯನ್ನೇ ಎತ್ತಿ ತಂದು ನನ್ನ ಕೈಗಿಟ್ಟಳು. “ನೀನೇ ಬುಡು ಮ್ಯಾಲೆ.” ಗಟ್ಟಿ ಕಾಲಿನ ಮರಿಗಳು ಬೇಕಾದಷ್ಟಿದ್ದವು, ಬಡಗಿಯೂ ಅಲ್ಲೇ ಇದ್ದ. ನಾನು ಮರಿಯನ್ನು ಹಲಗೆಯ ಮೇಲೆ ಇಳಿಸಿದೆ. ಅದು ಮೂಸಿತು, ಅನುಮಾನದಿಂದ ಒಂದು ಹೆಜ್ಜೆ ಇಟ್ಟಿತು, ಇನ್ನೊಂದಿಟ್ಟಿತು, ನಟ್ಟನಡುವೆ ನಿಂತು ನಿಶ್ಚಿಂತೆಯಿಂದ ಹಿಕ್ಕೆ ಹಾಕಿತು. ಗೌರಕ್ಕ ಸೆರಗು ಸಿಕ್ಕಿಸಿ, ಬಗ್ಗಿ ಹಲಗೆಯ ಕೆಳಗೆ ಇಣುಕಿದಳು.

“ಬಿತ್ತು ಕಣ್ಲಾ!” ಎಂದು ಅವಳು ಕೂಗಿದ ದನಿ ಊರಿಗೆಲ್ಲ ಕೇಳಿಸಿರಬೇಕು. ನನ್ನ ಯಾವ ನಕ್ಷೆಗೂ ಇಂಥ ಮಂಜೂರಾತಿ ದೊರೆತಿರಲಿಲ್ಲ.